ಮಾಸ್ತರರ ಅಕ್ಷರದ ಲಕೋಟೆ

ಎಪ್ಪತ್ತರ ದಶಕದಲ್ಲಿ ಪತ್ರಿಕೆಗೆ ಕತೆ ಕಳಿಸುವಾಗ ಜೊತೆಗೆ ಇನ್ನೊಂದು ಲಕೋಟೆಯನ್ನೂ ಇಡಬೇಕಿತ್ತು. ಅದರ ಮೇಲೆ ನಮ್ಮದೇ ವಿಳಾಸ, ನಮ್ಮದೇ ಸ್ಟಾಂಪು. ಕತೆ ಬೇಡವಾದರೆ ಸಂಪಾದಕರು ಅದರಲ್ಲಿ ತುಂಬಿ ವಾಪಸ್ ಕಳಿಸುತ್ತಿದ್ದರು. ಎರಡೂ ಕಡೆಯ ಸ್ಟಾಂಪಿನ ದುಡ್ಡು ನನ್ನ ಹೆಂಡತಿಯದು. ಆಕೆ ಮುಂಡಗೋಡದ ನಮ್ಮ ಮನೆಯಲ್ಲಿ ಎಮ್ಮೆ ಕಟ್ಟಿ ಟಿಬೆಟನ್ ಕಾಲೊನಿಗೆ ಹಾಲು ಹಾಕುತ್ತಿದ್ದಳು. ನಾನು ಬರೆಯುತ್ತಿದ್ದೆ, ಅಷ್ಟೇ.

ಆಕೆಗೆ ಓದಲು ಬರುತ್ತಿರಲಿಲ್ಲ. ಆದರೆ ನನ್ನ ಅಕ್ಷರದ ಗುರುತು ಚೆನ್ನಾಗಿತ್ತು. ಅಂಚೆಯಲ್ಲಿ ಬಂದ ಲಕೋಟೆಯ ಮೇಲೆ ಅದು ಕಂಡರೆ ಕತೆ ವಾಪಸ್ ಬಂತೆಂದು ತಿಳಿದು, ಏನೂ ಕೇಳದೆ ಗೋಡೆಯ ಮಾಡದಲ್ಲಿ ಇಟ್ಟುಬಿಡುತ್ತಿದ್ದಳು. ಆ ಮೌನ ತಡೆಯಲಾರದೆ ಒಮ್ಮೆ ಜೊತೆಗಿಡುವ ಲಕೋಟೆಯ ಮೇಲೆ ಶಾಲೆಯ ಮಾಸ್ತರರಿಂದ ನಮ್ಮ ವಿಳಾಸ ಬರೆಸಿ ಕಳಿಸಿದೆ. ಕತೆ ವಾಪಸ್ ಬಂದರೂ ಆಕೆಗೆ ತಿಳಿಯದಿರಲಿ ಎಂದು.

ಒಂದು ಸಂಜೆ ಮನೆಗೆ ಬಂದರೆ ಶಿರಾದ ವಾಸನೆ. ಪಕ್ಕದ ಮನೆಯವರೆಲ್ಲ ತಾಟು ಹಿಡಿದು ಕೂತಿದ್ದರು. ಮಾಸ್ತರರ ಅಕ್ಷರದ ದಪ್ಪ ಲಕೋಟೆ ದೇವರ ಮುಂದಿತ್ತು, ಅದಕ್ಕೆ ಕುಂಕುಮ ಬೇರೆ.

“ಬ್ಯಾರೇದವರ ಅಕ್ಷರ ಐತ್ರಿ. ಕತಿ ತಗೊಂಡಾರ,” ಎಂದು ಅದನ್ನು ನನ್ನ ಕೈಗಿಟ್ಟಳು. “ಒಡೀರಿ, ಎಲ್ಲಾರೂ ಕೇಳ್ಲಿ.”

ಒಡೆಯದೆ ಉಪಾಯವಿರಲಿಲ್ಲ. ಹಾಳೆಗಳು ಹೊರಬಂದವು. ಪಕ್ಕದಲ್ಲೇ ನಿಂತಿದ್ದ ಆಕೆ ಬಗ್ಗಿ ನೋಡಿದಳು. ಹಾಳೆಯ ತುಂಬ ನನ್ನದೇ ಅಕ್ಷರ. ನಾನು ತಲೆ ಎತ್ತಲಿಲ್ಲ.

ಆಕೆ ಹಾಳೆಗಳನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. “ಮೊದ್ಲ ಎಲ್ಲಾರೂ ಶಿರಾ ತಿನ್ರಿ. ಓದೂದು ಆಮ್ಯಾಗ,” ಎಂದು ಒಳಗೆ ಹೋಗಿ ನನಗೂ ಒಂದು ತಾಟು ತಂದಳು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಹಾಕಿದ್ದಳು.