ಬೀಗರಿಗೆ ಕೊಟ್ಟ ಬಾಲ್ಕನಿ

ಹಡಗಿನಲ್ಲಿ ಕೆಳದರ್ಜೆಯ ಕೋಣೆ ಬುಕ್ ಮಾಡಿ ಮೇಲ್ದರ್ಜೆಯದನ್ನು ಗಿಟ್ಟಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಪೂರ್ತಿ ಹೇಳಿಕೊಡಬಲ್ಲೆ. ಗಿಟ್ಟಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಅದು ನನಗೆ ಬರಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸುವ ಮನಸ್ಸೂ ಇಲ್ಲ.

ಮೂವತ್ತೊಂದು ವರ್ಷ ನಾನು ಹರಿಹರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಯಿಂದ ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಸ್ಟೋರ್ಸ್ ಕೋಣೆಗೆ ಕಿಟಕಿಯೇ ಇರಲಿಲ್ಲ, ಹಗಲೆಲ್ಲ ಟ್ಯೂಬ್‌ಲೈಟು. ಮನೆಯಲ್ಲಿ ಮಲಗುವ ಕೋಣೆಗೆ ಕಿಟಕಿಯಿದೆ, ತೆರೆದರೆ ಪಕ್ಕದ ಮನೆಯ ಬಚ್ಚಲ ಗೋಡೆ. ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. ಅವತ್ತೂ ಉಳಿದವರೆಲ್ಲ ನೀರಿಗೆ ಇಳಿದರು, ನಾನು ಚಪ್ಪಲಿ, ಪರ್ಸು ಕಾಯುತ್ತ ಕೂತಿದ್ದೆ. ನಿವೃತ್ತಿಯಾದ ಮೇಲೆ ನನಗಿದ್ದದ್ದು ಒಂದೇ ಆಸೆ. ಮಂಚದ ಮೇಲೆ ಮಲಗಿಕೊಂಡೇ ಸಮುದ್ರ ನೋಡಬೇಕು, ಆ ಹೊತ್ತಿನಲ್ಲಿ ಯಾರೂ ಬಂದು ಚಹಾ ಕೇಳಬಾರದು.

ನನ್ನ ಪಿ.ಎಫ್. ದುಡ್ಡಿನಲ್ಲಿ ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಹಡಗಿನ ಪ್ರವಾಸಕ್ಕೆ ಹೊರಟೆವು. ಜತೆಗೆ ನಮ್ಮ ಬೀಗರು, ಅಂದರೆ ಮಗಳ ಅತ್ತೆ ಮಾವ. ಗುತ್ತೂರಿನವರು. ಮಾವ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬೀಗಿತ್ತಿ ಎರಡು ಎಮ್ಮೆ, ಒಂದೆಕರೆ ಹೊಲ ಒಬ್ಬರೇ ನಿಭಾಯಿಸುವ ಗಟ್ಟಿ ಹೆಂಗಸು. ಅವರ ಮೇಲೆ ನನಗೆ ಅವತ್ತೂ ಬೇಸರವಿರಲಿಲ್ಲ, ಇವತ್ತೂ ಇಲ್ಲ. ಸಿಟ್ಟೆಲ್ಲ ನಮ್ಮನೆಯವರ ಮೇಲೆ.

ಟಿಕೆಟ್ ಬುಕ್ ಮಾಡಲು ಪಿ.ಬಿ. ರಸ್ತೆಯ ಟ್ರಾವೆಲ್ಸಿಗೆ ಹೋದವರು ಅವರೇ. ಏಜೆಂಟ್ ಬೇರೆ ಬೇರೆ ಕೋಣೆಗಳ ಹೆಸರು ಹೇಳಿದಾಗ ನಾಲ್ವರಿಗೂ ‘ಇನ್‌ಸೈಡ್’ ಎಂಬ ಕೋಣೆ ಆರಿಸಿ ಬಂದರು. ಮನೆಗೆ ಬಂದು, “ಒಳಗಿನ ರೂಮು ತಗಂಡೀನಿ. ಗಾಳಿ ಇಲ್ಲ, ನೀರಿನ ಭಯ ಇಲ್ಲ, ಸೇಫ್ ಐತೆ” ಎಂದರು. ಒಳಗಿನ ಕೋಣೆ ಎಂದರೆ ಮನೆಯಲ್ಲಿ ದೇವರ ಕೋಣೆ, ತಿಜೋರಿ ಇಡುವ ಕೋಣೆ. ಹಡಗಿನಲ್ಲೂ ಹಾಗೇ ಎಂದು ಅವರ ಲೆಕ್ಕ. ನಾನು ಫೋನಿನಲ್ಲಿ ಅದರ ಚಿತ್ರ ಹುಡುಕಿ ನೋಡಿದೆ. ನಾಲ್ಕೂ ಕಡೆ ಗೋಡೆ. ಕಿಟಕಿ ಇರಬೇಕಾದ ಜಾಗದಲ್ಲಿ ಒಂದು ಕನ್ನಡಿ. ಅಲ್ಲಿ ಹೋಗಿಯೂ ನನ್ನ ಮುಖವನ್ನೇ ನೋಡಿಕೊಳ್ಳಬೇಕೇ?

ಬದಲಾಯಿಸಿ ಎಂದೆ. ನಮ್ಮನೆಯವರು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು, ದೇವರಿಗಿಂತ ವಶೀಲಿಯನ್ನು ಹೆಚ್ಚು ನಂಬಿದವರು. ಯಾರೋ ಪುಢಾರಿಯ ಆಪ್ತ ಸಹಾಯಕನನ್ನು ಹಿಡಿದು ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿ ತಂದರು. ರೈಲಿನ ಎಮರ್ಜೆನ್ಸಿ ಕೋಟಾಕ್ಕೆ ಬರೆಯುವ ಪತ್ರವದು. ‘ಇವರು ಹಿರಿಯ ನಾಗರಿಕರಾದ್ದರಿಂದ ಲೋವರ್ ಬರ್ತ್ ದಯಪಾಲಿಸಬೇಕು’ ಎಂದಿತ್ತು. ಹಡಗಿನಲ್ಲಿ ಬೆಲೆಯಿರುವುದು ಮೇಲಿನ ಮಹಡಿಗೆ. ಆ ಪತ್ರವನ್ನು ಯಾರಾದರೂ ಮನ್ನಿಸಿದ್ದರೆ ನಮ್ಮನ್ನು ಎಂಜಿನ್ನಿನ ಪಕ್ಕ ಮಲಗಿಸುತ್ತಿದ್ದರು. ಏಜೆಂಟ್ ಪತ್ರ ಓದಿ, “ಇದನ್ನ ಇಟ್ಕಳ್ರಿ ಸರ್, ಟ್ರೇನಿಗೆ ಬೇಕಾಗ್ತೈತೆ” ಎಂದು ವಾಪಸ್ ಕೊಟ್ಟ.

ಆಮೇಲೆ ನಾನೇ ಕೂತೆ. ಸ್ಟೋರ್ಸಿನಲ್ಲಿ ಬಾರದ ಬೋಲ್ಟಿಗಾಗಿ ಪುಣೆ, ಕೊಯಮತ್ತೂರಿಗೆ ಫೋನು ಮಾಡಿ ಮಾಡಿ ಪಳಗಿದವಳು ನಾನು. ಕಂಪನಿಯ ನಂಬರಿಗೆ ವಾರದ ನಡುವೆ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮಾಡಬೇಕು, ಆಗ ಅವರಿಗೂ ತಾಳ್ಮೆಯಿರುತ್ತದೆ. ಜಗಳವಾಡಬಾರದು. ನಿನ್ನ ಹೆಸರೇನಮ್ಮ ಎಂದು ಕೇಳಿ ಬರೆದಿಟ್ಟುಕೊಂಡು, ಮುಂದಿನ ಸಲ ಅದೇ ಹುಡುಗಿಯನ್ನು ಕೇಳಬೇಕು. ನನ್ನ ಹಿಂದಿ ಹರಿಹರದ ಸಂತೆಯದು, ಇಂಗ್ಲಿಷ್ ಕಾರ್ಖಾನೆಯದು. ಎರಡೂ ಸೇರಿ ಕೆಲಸ ನಡೆಯಿತು. ಆ ಹುಡುಗಿಯೇ ಗುಟ್ಟು ಹೇಳಿದಳು. ಮಕ್ಕಳ ರಜೆ ಇಲ್ಲದ ದಿನಗಳಾದ್ದರಿಂದ ಬಾಲ್ಕನಿ ಕೋಣೆಗಳು ಖಾಲಿ ಉಳಿಯಬಹುದು. ಹೊರಡುವ ಮೊದಲು ಒಂದು ಇ-ಮೇಲ್ ಬರುತ್ತದೆ, ಹೆಚ್ಚಿಗೆ ಎಷ್ಟು ಕೊಡುತ್ತೀರೆಂದು ನೀವೇ ಅದರಲ್ಲಿ ಬರೆಯಬೇಕು, ಒಪ್ಪಿಗೆಯಾದರೆ ಕೋಣೆ ನಿಮ್ಮದು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದ ಹಾಗೆ. ತೀರಾ ಕಡಿಮೆಯೂ ಬೇಡ, ಆಸೆಬುರುಕರ ಹಾಗೆ ಹೆಚ್ಚೂ ಬೇಡ ಎಂದಳು.

ಆಗ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಬೀಗರಿಗೆ ಫೋನು ಮಾಡಿ ನಿಮಗೂ ಬರೆಯಲೇ ಎಂದು ಕೇಳಿದೆ. ಮಗಳ ಮಾವ, “ನಮಗ್ಯಾಕ್ರಿ ಬಾಲ್ಕನಿ? ಮಲಗಾಕ ಒಂದು ಜಾಗ ಇದ್ರ ಆತು” ಎಂದರು. ಬೀಗಿತ್ತಿಯೂ ಬ್ಯಾಡವೇ ಬ್ಯಾಡ ಎಂದರು. ಹಾಗಾಗಿ ನಮ್ಮ ಒಂದು ಕೋಣೆಗೆ ಮಾತ್ರ ಬರೆದೆ. ಹೊರಡಲು ನಾಲ್ಕು ದಿನ ಇರುವಾಗ ಒಪ್ಪಿಗೆ ಬಂತು. ಗ್ಯಾಸಿನ ಮೇಲಿದ್ದ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು, ನಾನು ಫೋನು ಹಿಡಿದು ನಿಂತೇ ಇದ್ದೆ. ನನ್ನ ಹೆಸರು, ಕೋಣೆಯ ನಂಬರು, ಬಾಲ್ಕನಿ ಎಂಬ ಪದ. ಬದುಕಿನಲ್ಲಿ ನಾನು ನನಗಾಗಿ ಕೇಳಿ ಪಡೆದ ಮೊದಲ ವಸ್ತು ಅದು.

ಮುಂಬೈ ಬಂದರಿನಲ್ಲಿ ಟಿಕೆಟ್ ಪರೀಕ್ಷೆ, ಸಾಲು, ಫೋಟೋ ಎಲ್ಲ ಮುಗಿದು ಹಡಗಿನೊಳಕ್ಕೆ ಹೋದೆವು. ಬಾಗಿಲು ತೆರೆಯುವ ಕಾರ್ಡುಗಳು ನಾಲ್ಕೂ ನಮ್ಮನೆಯವರ ಕೈಯಲ್ಲಿದ್ದವು. ಲಿಫ್ಟಿನ ಮುಂದೆ ನಿಂತು ಅವರು ಆ ಕಾರ್ಡುಗಳನ್ನು ಇಸ್ಪೀಟ್ ಎಲೆಯಂತೆ ಹರವಿ, ಎರಡನ್ನು ಎತ್ತಿ ಬೀಗರ ಕಡೆ ಚಾಚಿದರು.

“ಬೀಗ್ರೆ, ನೀವು ಮ್ಯಾಲಿನ ರೂಮಿಗೆ ನಡೀರಿ. ನಾವು ಒಳಗಿಂದ್ರಾಗ ಇರ್ತೀವಿ.”

“ಅಯ್ಯ ಬ್ಯಾಡ್ರಿ, ಅದು ಅಕ್ಕಾರು ಕಷ್ಟಪಟ್ಟು ಮಾಡ್ಸಿದ್ದು” ಎಂದರು ಬೀಗಿತ್ತಿ.

“ಅವ್ಳೇನು ಅಂದ್ಕಣಲ್ರಿ. ನೀವು ಕೆಳಗಿದ್ದು ನಾವು ಮ್ಯಾಲಿದ್ರ ಚಂದ ಕಾಣ್ತೈತಾ? ಏನೇ?” ಎಂದು ನನ್ನ ಕಡೆ ತಿರುಗಿದರು.

ಬೀಗಿತ್ತಿ ಮೂರು ಸಲ ಬ್ಯಾಡ ಅಂದರು. ನಮ್ಮ ಕಡೆ ಬೀಗರ ಊಟದಲ್ಲಿ ಎರಡನೇ ಹೋಳಿಗೆ ಬಂದಾಗ ಬೀಗರು ಬ್ಯಾಡ ಅನ್ನಬೇಕು, ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಬಡಿಸುವವರು ಕೈ ಸರಿಸಿ ಬಡಿಸಲೇಬೇಕು. ಬಡಿಸದೆ ಮುಂದೆ ಹೋದರೆ ಹತ್ತು ವರ್ಷ ಆ ಮಾತು ಬರುತ್ತದೆ. ಹಾಗಾಗಿ ಬೀಗರ ಬ್ಯಾಡವನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂರನೇ ಬ್ಯಾಡ ಮುಗಿಯುವ ಮೊದಲೇ ಕಾರ್ಡು ಅವರ ಅಂಗೈಯಲ್ಲಿತ್ತು.

ನಾನು ನಕ್ಕೆ. “ಹೋಗ್ರಿ ಅಕ್ಕಾ, ಆರಾಮಾಗಿ ಇರ್ರಿ” ಎಂದೆ. ಆ ನಗುವಿಗಾಗಿ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ಬ್ಯಾಗುಗಳಿಗೆ ಮೊದಲೇ ಕೋಣೆಯ ನಂಬರು ಅಂಟಿಸಿದ್ದರಿಂದ ನಮ್ಮ ಸಾಮಾನು ಬಾಲ್ಕನಿ ಕೋಣೆಯ ಬಾಗಿಲಿಗೆ ಹೋಗಿತ್ತು. ತರಲು ಹೋದೆವು. ತೆರೆದ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಬಿಳಿ ಹಾಸಿಗೆ, ಅದರಾಚೆ ಗಾಜಿನ ಬಾಗಿಲು, ಅದರಾಚೆ ಒಂದು ಕುರ್ಚಿ, ಅದರಾಚೆ ನೀರು. ಹೊಸ್ತಿಲು ದಾಟಲಿಲ್ಲ. ನಮ್ಮನೆಯವರು ಬ್ಯಾಗು ಎಳೆದುಕೊಂಡು ಹೊರಟರು, ನಾನು ಹಿಂದೆ ಹೋದೆ.

ಕೆಳಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ. “ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲಾ?”

“ಇದ್ರಾಗ ಕೇಳೋದೇನೈತೆ? ಮಗಳ ಕೊಟ್ಟ ಮನಿ.”

ಈ ಮಾತೊಂದು ಅವರ ಬಳಿ ಯಾವಾಗಲೂ ಇರುತ್ತದೆ. ಮಗಳ ಕೊಟ್ಟ ಮನೆ. ನಾನು ಮೆಚ್ಚಿ ತಂದ ಇಳಕಲ್ ಸೀರೆ ಹೋದದ್ದು ಅದಕ್ಕೆ. ನಿವೃತ್ತಿಯ ದಿನ ಕಾರ್ಖಾನೆಯವರು ನನ್ನ ಹೆಸರು ಕೆತ್ತಿಸಿ ಕೊಟ್ಟ ಬೆಳ್ಳಿ ಲೋಟ ಹೋದದ್ದೂ ಅದಕ್ಕೇ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂದು ಗಾದೆ. ನಮ್ಮ ಮನೆಯಲ್ಲಿ ಹೆಂಡತಿಯದನ್ನು ಗಂಡ ದಾನ ಮಾಡುತ್ತಾರೆ. ಅವರ ಕೈಗಡಿಯಾರ, ಅವರ ಸ್ಕೂಟರು ಇಷ್ಟು ವರ್ಷದಲ್ಲಿ ಯಾವ ಬೀಗರ ಮನೆಗೂ ಹೋಗಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು.

ಮರುದಿನ ಮಧ್ಯಾಹ್ನ ಊಟದ ಹಾಲಿಗೆ ಹೊರಟಾಗ ನಮ್ಮ ಮಹಡಿಯ ಮೆಟ್ಟಿಲ ಬಳಿ ಬೀಗಿತ್ತಿ ನೆಲದ ಮೇಲೆ ಕೂತಿದ್ದರು. ಮುಖ ಬಿಳಿಚಿತ್ತು, ಮುಷ್ಟಿಯಲ್ಲಿ ಅರ್ಧ ನಿಂಬೆಹಣ್ಣು. ನಾನು ಪಕ್ಕದಲ್ಲೇ ಕೂತೆ.

“ಯಾಕ್ರಿ ಅಕ್ಕಾ, ಇಲ್ಲಿ?”

“ಮ್ಯಾಲೆ ಆಗವಲ್ದು ನಂಗೆ. ಆ ರೂಮು ತೂಗ್ತೈತೆ. ನಿನ್ನೆಯಿಂದ ನಾಕು ಸಲ ವಾಂತಿ ಆತು. ಗಾಜಿನಾಗ ನೀರು ನೋಡಿದ್ರ ಎದಿ ಝಲ್ ಅಂತೈತೆ. ಕೆಳಗ ಹೊಟ್ಟಿ ಒಂದೀಟು ನಿಂತಂಗ ಆಗ್ತೈತೆ, ಅದ್ಕ ಬಂದು ಕುಂತೆ.”

“ನಿನ್ನೇನೇ ಹೇಳ್ಬಾರ್ದಿತ್ತಾ?”

“ಹೇಳಿದ್ನಲ್ರಿ. ಮೂರು ಸಲ ಬ್ಯಾಡ ಅಂದೆ. ನಂಗೆ ಖರೇನೇ ಬ್ಯಾಡಾಗಿತ್ತು. ಬ್ಯಾಡ ಅಂದ್ರ ನಿಮ್ಮನೆಯವ್ರು ಇನ್ನಷ್ಟು ಜೋರು ಮಾಡಿದ್ರು.”

ನನಗೆ ಮೈಯೆಲ್ಲ ಉರಿಯಿತು. ಬೇಕಾದವಳಿಗೆ ಸಿಗಲಿಲ್ಲ, ಸಿಕ್ಕವಳಿಗೆ ಬೇಕಾಗಿರಲಿಲ್ಲ. ನಡುವೆ ಒಬ್ಬ ಗಂಡಸಿಗೆ ಮರ್ಯಾದೆ ಸಿಕ್ಕಿತು. ಈಗಲೇ ಬದಲಾಯಿಸೋಣ ಏಳಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. “ಬ್ಯಾಡ ಅಕ್ಕಾ. ನಮ್ಮನೆಯವ್ರಿಗೆ ಅದು ಭಾಳ ಸೇರೈತೆ. ಫೋಟೋ ತೆಗ್ದು ಊರಿಗೆಲ್ಲ ಕಳ್ಸ್ಯಾರ. ಈಗ ಬಿಡ್ಸಿದ್ರ ಕೊಟ್ಟು ಕಸ್ಕಂಡ್ರು ಅಂತಾರ. ಆಮ್ಯಾಲೆ ಆ ಮಾತು ನಿಮ್ಮ ಮಗಳ ಮುಂದ ಬರ್ತೈತೆ.”

ಅವರನ್ನು ನಮ್ಮ ಕೋಣೆಗೆ ಕರೆದೊಯ್ದು ನನ್ನ ಮಂಚದ ಮೇಲೆ ಮಲಗಿಸಿದೆ. ಐದು ನಿಮಿಷದಲ್ಲಿ ನಿದ್ದೆ ಹೋದರು. ಅವರ ಶಾಲು ತರಲೆಂದು ಮೇಲೆ ಹೋಗಿ ಬಾಗಿಲು ತಟ್ಟಿದೆ. ಬೀಗರು ಕಣ್ಣುಜ್ಜಿಕೊಳ್ಳುತ್ತ ಬಾಗಿಲು ಅಗಲ ಮಾಡಿ ಶಾಲು ಚಾಚಿದರು. ಒಳಗೆ ಗಾಜಿನ ಬಾಗಿಲಿಗೆ ಪರದೆ ಪೂರ್ತಿ ಎಳೆದಿದ್ದರು, ಎ.ಸಿ. ಗುಂಯ್‌ಗುಡುತ್ತಿತ್ತು, ಕೋಣೆ ಕತ್ತಲು. “ಬಿಸಿಲು ಭಾಳ ಹೊಡಿತೈತ್ರಿ, ಅದ್ಕ ಮುಚ್ಚೀನಿ. ಒಳ್ಳೆ ನಿದ್ದಿ ಬರ್ತೈತೆ ಇಲ್ಲಿ” ಎಂದರು. ಪಾಪ, ಒಳ್ಳೆಯ ಮನುಷ್ಯ. ಬೀಗರು ಮಲಗಿರುವ ಕೋಣೆಗೆ ನುಗ್ಗಿ ಪರದೆ ಸರಿಸಿ ಕುರ್ಚಿ ಹಾಕಿಕೊಂಡು ಕೂರಲು ನನಗೆ ಆಗುತ್ತದೆಯೇ? ಶಾಲು ತಗೊಂಡು ಬಂದೆ.

ಉಳಿದ ಹೊತ್ತನ್ನು ಮೇಲಿನ ತೆರೆದ ಮಹಡಿಯಲ್ಲಿ ಕಳೆದೆ. ಅಲ್ಲಿ ಎದೆ ಒಡೆಯುವ ಹಾಡು, ಕುಣಿಯುವವರು, ಸೆಲ್ಫಿಯವರು, ಪಾವ್‌ಭಾಜಿಗೆ ಸಾಲು. ಸಮುದ್ರ ಕಂಡಿತು, ಇಲ್ಲವೆನ್ನುವುದಿಲ್ಲ. ನಾಲ್ಕು ಸಲ ಯಾರ್ಯಾರೋ ಬಂದು ನಾನು ಕೂತ ಕುರ್ಚಿ ಖಾಲಿಯಾಗುತ್ತದೆಯೇ ಎಂದು ಕೇಳಿದರು. ಐದನೇ ಸಲ ನಮ್ಮನೆಯವರೇ ಬಂದು, ಕೆಳಗೆ ಚಹಾ ಎಲ್ಲಿ ಸಿಗುತ್ತದೆ ನೋಡು ಎಂದರು.

ಊರಿಗೆ ಬಂದ ಮೇಲೆ ನಮ್ಮನೆಯವರು ಸುಮ್ಮನಾಗಿದ್ದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಅವರು ಸುಮ್ಮನಾಗಲಿಲ್ಲ. ಬಂದವರಿಗೆಲ್ಲ ಅದೇ ಕಥೆ. ಬೀಗರಿಗೆ ಬಾಲ್ಕನಿ ಬಿಟ್ಟುಕೊಟ್ಟೆವು, ನಮಗೇನು, ಅವರು ಚೆನ್ನಾಗಿದ್ದರೆ ಸಾಕು. ಕೇಳಿದವರು ನಿಮ್ಮಂಗ ಇರಬೇಕು ಬಿಡ್ರಿ ಎಂದು ಹೊಗಳುತ್ತಿದ್ದರು. ನಾನು ಪಕ್ಕದಲ್ಲಿ ಚಹಾದ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಅವರ ಬಾಯಲ್ಲಿ ಆ ಕೋಣೆ ತಾನಾಗಿಯೇ ಸಿಕ್ಕಿತ್ತು, ಅದನ್ನು ಗಿಟ್ಟಿಸಿದವರು ಯಾರೂ ಇರಲಿಲ್ಲ.

ಎರಡು ವಾರವಾಗಿರಬೇಕು. ‘ಎ’ ಬ್ಲಾಕಿನ ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು, ಕಥೆ ಲಿಫ್ಟಿನವರೆಗೆ ಬಂದಿತ್ತು. ಆಗ ನನ್ನ ಫೋನು ರಿಂಗಾಯಿತು. ಹಡಗಿನ ಕಂಪನಿಯ ಇನ್ನೊಬ್ಬ ಹುಡುಗಿ. ಒಂದು ಕೈಯಲ್ಲಿ ತಟ್ಟೆ ಇದ್ದದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಅವಳು ಹಿಂದಿಯಲ್ಲಿ ಕೇಳಿದಳು: ಮೇಡಂ, ನೀವು ಅಪ್‌ಗ್ರೇಡ್ ಮಾಡಿಸಿಕೊಂಡ ಬಾಲ್ಕನಿ ಕೋಣೆ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?

ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು ಫೋನಿನ ಕಡೆ ಬಾಗಿ, “ದಸ್. ದಸ್ ಮೇ ದಸ್. ಬಹುತ್ ಅಚ್ಛಾ ಥಾ” ಎಂದರು.

ನಾನು ತಟ್ಟೆ ಕೆಳಗಿಟ್ಟೆ. ಇವರ ಮಾತು ಬರೆದುಕೊಳ್ಳಬೇಡಮ್ಮ ಎಂದೆ. ಆ ಕೋಣೆಯಲ್ಲಿ ಇವರೂ ಇರಲಿಲ್ಲ, ನಾನೂ ಇರಲಿಲ್ಲ. ಅವಳು, ಆದರೆ ಮೇಡಂ, ಕೋಣೆ ನಿಮ್ಮ ಹೆಸರಿನಲ್ಲೇ ಇದೆಯಲ್ಲ ಎಂದಳು. ಹೌದು, ನನ್ನ ಹೆಸರಿನಲ್ಲೇ ಇತ್ತು, ನಾನು ತಿಂಗಳುಗಟ್ಟಲೆ ಫೋನು ಮಾಡಿ ಪಡೆದದ್ದು, ನನ್ನನ್ನು ಒಂದು ಮಾತೂ ಕೇಳದೆ ಇವರು ಕೊಟ್ಟುಬಿಟ್ಟರು ಎಂದೆ. ಬಂದವರಿಗೆ ಹಿಂದಿ ಅಷ್ಟಕ್ಕಷ್ಟೇ. ಅವರ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ಅವರು ಲೋಟವನ್ನೇ ನೋಡುತ್ತ ಕೂತರು.

“ನಾಕು ಜನದ ಮುಂದೆ ಹಿಂಗ ಮಾತಾಡ್ತಾರಾ?” ಎಂದರು ನಮ್ಮನೆಯವರು, ಹಲ್ಲು ಕಚ್ಚಿ.

“ನಾಕು ಜನದ ಮುಂದೇನೇ ಕೊಟ್ರಲ್ರೀ. ನಾನೂ ನಾಕು ಜನದ ಮುಂದೇನೇ ಹೇಳ್ತೀನಿ.”

ಹುಡುಗಿ ಇನ್ನೂ ಲೈನಿನಲ್ಲಿದ್ದಳು. ಎಷ್ಟೆಂದು ಬರೆಯಲಿ ಎಂದು ಮೆಲ್ಲಗೆ ಕೇಳಿದಳು. ಗೊತ್ತಿಲ್ಲಮ್ಮ, ಆ ಜಾಗ ಖಾಲಿ ಬಿಡು ಎಂದೆ.