ಅತ್ತೆಯವರ ಕೋಣೆಯಲ್ಲಿ ಆಮೆ

ಇವತ್ತು ಬೆಳಿಗ್ಗೆ ಒಂದು ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ, ಅದರ ಹಲಗೆಗಳನ್ನು ಹೊತ್ತುಕೊಂಡು ಕೆಲರ್‌ಗೆ, ಅಂದರೆ ನಮ್ಮ ಕಟ್ಟಡದ ನೆಲಮಾಳಿಗೆಗೆ, ಇಳಿಯುತ್ತಿದ್ದೆ. ಬಿಸಿಲಿಗೆ ಕಾದ ಮರದ ವಾಸನೆ ಮೂಗಿಗೆ ಬಡಿಯಿತು. ಹ್ಯಾನೋವರಿನ ನವೆಂಬರಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು ಹೇಳಿ? ಅದು ದೀಪದ ಬಿಸಿಲು. ಹೋದ ವರ್ಷ ಚಳಿಗಾಲವಿಡೀ ಈ ಪೆಟ್ಟಿಗೆ ನಮ್ಮ ಅತ್ತೆಯವರ ಮಂಚದ ಪಕ್ಕದಲ್ಲಿತ್ತು. ಒಳಗೊಂದು ಆಮೆ.

ಆಮೆ ಬೇಕೆಂದು ನಾವು ಹುಡುಕಿಕೊಂಡು ಹೋದದ್ದಲ್ಲ. ನನ್ನ ಹೆಂಡತಿ ಸುಮಾಳ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ದೇಶ ಬಿಟ್ಟು ಹೊರಟಾಗ, ಬೇಡವೆನ್ನಲು ಬಾಯಿ ಬಾರದೆ, ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಟ್ರಾಮಿನಲ್ಲಿ ಬಂದಳು. ಹೆಸರು ಲೋಟೆ. ಇಲ್ಲಿ ಅದು ಅಜ್ಜಿಯರ ಹೆಸರಂತೆ. ಮೈಸೂರಿನಿಂದ ಆಗಷ್ಟೇ ಬಂದಿಳಿದಿದ್ದ ಅತ್ತೆಯವರು ಮಾತ್ರ, "ಪಾಪ, ಲೋಟ ಅಂತ ಯಾರಾದ್ರೂ ಹೆಸರಿಡ್ತಾರೇನೆ?" ಎಂದು ಮಗಳನ್ನು ಕೇಳಿದರು.

ಮಗಳನ್ನು ಎಂದೆನಲ್ಲ, ಅದಕ್ಕೆ ಕಾರಣವಿದೆ. ಮದುವೆಯಾಗಿ ವರ್ಷಗಳು ಉರುಳಿದ್ದರೂ ಅತ್ತೆಯವರು ನನ್ನೊಡನೆ ನೇರವಾಗಿ ಮಾತಾಡಿದ್ದು ತೀರಾ ಕಡಿಮೆ. ನಾನು ಎದುರಿಗೇ ಕೂತಿದ್ದರೂ, "ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳೇ" ಎನ್ನುವರು. ನಾನೂ ಅಷ್ಟೇ ವಿನಯದಿಂದ, "ಸಾಕು ಅಂತ ಹೇಳು" ಎನ್ನುವೆ. ನಮ್ಮಿಬ್ಬರ ನಡುವೆ ಸುಮಾಳದು ಅಂಚೆ ಇಲಾಖೆಯ ಕೆಲಸ. ಜಗಳವೇನಿಲ್ಲ, ಬರೀ ಮರ್ಯಾದೆ.

ಈ ಜಾತಿಯ ಆಮೆಗಳು ಚಳಿಗಾಲವನ್ನು ನಿದ್ದೆಯಲ್ಲೇ ಕಳೆಯುತ್ತವೆ. ಆದರೆ ಲೋಟೆಗೆ ಶೀತವಾಗಿ ಮೂಗು ಸೋರುತ್ತಿತ್ತು, ಊಟ ಬಿಟ್ಟಿತ್ತು. ಹೀಗಿರುವಾಗ ಮಲಗಿದರೆ ಮತ್ತೆ ಏಳಲಿಕ್ಕಿಲ್ಲ, ಈ ಸಲ ಮನೆಯೊಳಗೆ ಬೆಚ್ಚಗೆ ಎಚ್ಚರವಾಗಿಡಿ ಎಂದರು ಪ್ರಾಣಿಗಳ ಡಾಕ್ಟರಮ್ಮ. ನಮ್ಮ ಪುಟ್ಟ ಮನೆಯಲ್ಲಿ ಜಾಗವಿದ್ದದ್ದು ಅತ್ತೆಯವರಿಗೆ ಕೊಟ್ಟ ಕೋಣೆಯಲ್ಲಿ ಮಾತ್ರ. ನಾನು ಸುಮಾಳನ್ನು ನೋಡಿದೆ, ಸುಮಾ ಅಮ್ಮನನ್ನು ನೋಡಿದಳು.

"ಇರ್ಲಿ ಬಿಡೇ," ಎಂದರು ಅತ್ತೆ. "ಗೊರಕೆಯಂತೂ ಹೊಡಿಯಲ್ವಲ್ಲ."

ಆಮೆಗೆ ಮನೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಯಾವುದನ್ನೂ ಓದಿ ನೋಡದೆ ಕೊಳ್ಳುವವನಲ್ಲ. ಓದಿದ ಮೇಲೂ ಬೇಡದ್ದನ್ನೇ ಕೊಳ್ಳುತ್ತೇನೆ, ಅದು ಬೇರೆ ಮಾತು. ಗಾಜಿನ ದೊಡ್ಡ ತೊಟ್ಟಿಯೊಂದನ್ನು ತಂದು, ಬಿಸಿ ದೀಪ ತೂಗುಬಿಟ್ಟು, ಕೈಕಟ್ಟಿ ನಿಂತು ನೋಡಿದೆ. ಒಡವೆ ಅಂಗಡಿಯ ಹಾಗೆ ಝಗಮಗಿಸುತ್ತಿತ್ತು.

ಮಾರನೆಯ ಸಂಜೆ ಆಫೀಸಿನಿಂದ ಬಂದರೆ ತೊಟ್ಟಿ ಖಾಲಿ. ಅತ್ತೆಯವರು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಕಿಟಕಿಯ ಕೆಳಗಿನ ಹೀಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ಮಂಡಿನೋವಿನ ಬಿಸಿನೀರಿನ ಚೀಲ. ಅದರ ಮೇಲೆ, ಶಾಲು ಹೊದ್ದುಕೊಂಡು, ಲೋಟೆ. ಸುಮಾ ಇನ್ನೂ ಬಂದಿರಲಿಲ್ಲ.

"ಬೆಳಿಗ್ಗೆಯಿಂದ ಗಾಜು ಕೆರೀತಾನೇ ಇದೆ," ಎಂದರು ಅತ್ತೆ, ನನಗೋ ಗೋಡೆಗೋ ತಿಳಿಯದ ಹಾಗೆ. "ಹೊರಗಡೆ ಎಲ್ಲಾ ಕಾಣ್ಸತ್ತೆ, ಹೋಗಕ್ಕಾಗಲ್ಲ. ನನಗೆ ನೋಡಕ್ಕಾಗ್ಲಿಲ್ಲ, ಎತ್ಕೊಂಡೆ. ತಪ್ಪಾಯ್ತಾ?"

"ಇಲ್ಲ ಅತ್ತೆ. ನಾನೇ ಸರಿಯಾಗಿ ವಿಚಾರಿಸ್ದೇನೇ ತಂದ್ಬಿಟ್ಟೆ ಅನ್ಸತ್ತೆ."

ಡಾಕ್ಟರಮ್ಮನಿಗೆ ಫೋನ್ ಮಾಡಿ ಇಬ್ಬರ ಪರವಾಗಿಯೂ ಬೈಸಿಕೊಂಡೆ. ಗಾಜೂ ಒಂದು ಗೋಡೆ ಎಂಬುದು ಆಮೆಗೆ ಅರ್ಥವಾಗುವುದಿಲ್ಲ. ನೀರಿನ ಚೀಲವೂ ಕೂಡದು. ಆಮೆಗೆ ಬಿಸಿ ಮೇಲಿನಿಂದ ಬರಬೇಕು, ಸೂರ್ಯನಿಂದ ಬಂದ ಹಾಗೆ. ಸೆಕೆಯಾದರೆ ಅಗೆದುಕೊಂಡು ಹೋಗಲು ಕಾಲಡಿಯ ಮಣ್ಣು ತಂಪಾಗಿರಬೇಕು. ಇದನ್ನೆಲ್ಲ ಕನ್ನಡದಲ್ಲಿ ಒಪ್ಪಿಸಿದೆ.

"ಮೇಲಿಂದಾನೇ ಬರ್ಬೇಕಂತಾ?" ಎಂದ ಅತ್ತೆ ಚೀಲವನ್ನು ಮೆಲ್ಲಗೆ ಎಳೆದುಕೊಂಡು ತಮ್ಮ ಮಂಡಿಗಿಟ್ಟುಕೊಂಡರು.

ಶನಿವಾರ ಹಲಗೆ ಕೊಳ್ಳಲು ಹೊರಟಾಗ ಅವರೂ ಬಂದರು. ಮೇಲೆ ತೆರೆದಿರುವ, ಹೆಚ್ಚುಕಡಿಮೆ ಮಂಚದಷ್ಟೇ ಉದ್ದದ ಪೆಟ್ಟಿಗೆ ಮಾಡಿದೆವು. ಒಂದು ತುದಿಗೆ ಬಿಸಿಲಿನಂತೆ ಬೆಳಕು, ಕಾವು, ಅತಿನೇರಳೆ ಕಿರಣ ಮೂರನ್ನೂ ಕೊಡುವ ದೀಪ. ಇನ್ನೊಂದು ತುದಿಗೆ ತಂಪು, ಒಂದು ಕತ್ತಲೆಯ ಗೂಡು. ಎಲ್ಲಿರಬೇಕೆಂಬುದು ಲೋಟೆಗೆ ಬಿಟ್ಟದ್ದು. ದೀಪದ ಎತ್ತರ ನೋಡಲು ನಾನು ಥರ್ಮಾಮೀಟರು ಹಿಡಿದರೆ ಅತ್ತೆ ಅಂಗೈ ಹಿಡಿದರು.

"ಸುಡತ್ತೆ, ಮೇಲೆ ಕಟ್ಟಿ."

"ಮೂವತ್ತೈದು ಡಿಗ್ರಿ ಇರ್ಬೇಕಂತೆ ಅತ್ತೆ."

"ಹೌದಾ. ಹಾಗಾದ್ರೆ ಇಳಿಸಿ."

ಲೋಟೆ ದೀಪದಡಿಯಲ್ಲಿ ಕುತ್ತಿಗೆ ಚಾಚಿ ಕಾಲು ಚೆಲ್ಲಿ ಮಲಗಿತು. ಮೂಗು ಸೋರುವುದು ನಿಂತಿತು. ಊಟ ಮಾತ್ರ ಇಲ್ಲ. ಪಾರ್ಕಿನಿಂದ ಕಿತ್ತು ತಂದ ಕಾಡುಸೊಪ್ಪನ್ನು ಅತ್ತೆ ಹೊತ್ತುಹೊತ್ತಿಗೂ ಬದಲಾಯಿಸುವರು, ಅದು ಮುಖ ತಿರುಗಿಸುವುದು. ಅಮ್ಮನೂ ಸರಿಯಾಗಿ ತಿನ್ನುತ್ತಿಲ್ಲ ಎಂದು ಸುಮಾ ಗೊಣಗತೊಡಗಿದಳು.

ಒಂದು ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ನನ್ನ ಫೋನು ಗುಂಯ್‌ಗುಟ್ಟಿತು. ಅತ್ತೆ. ಅವರು ನನಗೆ ಎಂದೂ ಫೋನ್ ಮಾಡಿದವರಲ್ಲ. ಎದ್ದು ಹೊರಗೆ ಬಂದು ಎತ್ತಿಕೊಂಡೆ.

"ತಿಂತಾ ಇದೆ," ಎಂದರು ಪಿಸುಗುಟ್ಟುತ್ತಾ. "ಜೋರಾಗಿ ಮಾತಾಡ್ಬೇಡಿ."

ಊರಿನ ಇನ್ನೊಂದು ತುದಿಯ ಆಫೀಸಿನಲ್ಲಿ ನಿಂತು ನಾನೂ ಪಿಸುಗುಟ್ಟಿದೆ: "ಸರಿ ಅತ್ತೆ."

ಈ ವರ್ಷ ಲೋಟೆ ಗಟ್ಟಿಮುಟ್ಟಾಗಿದೆ. ಇಲ್ಲಿ ಅನೇಕರು ಮಾಡುವಂತೆ ಚಳಿಗಾಲವಿಡೀ ಒಂದೇ ಹದದ ತಂಪಿರುವ ಫ್ರಿಜ್ಜಿನಲ್ಲಿ ಮಲಗಿಸಬಹುದು ಎಂದಿದ್ದಾರೆ ಡಾಕ್ಟರಮ್ಮ. ಅದಕ್ಕೆಂದೇ ಪುಟ್ಟದೊಂದು ಫ್ರಿಜ್ಜು ಬಂದಿದೆ. ಹಲಗೆಗಳನ್ನು ಕೆಳಗಿಟ್ಟು ಬಂದವನೇ, ಊರಿಗೆ ಮರಳಿದ್ದ, ಡಿಸೆಂಬರಿನಲ್ಲಿ ಮತ್ತೆ ಬರಬೇಕಿದ್ದ ಅತ್ತೆಯವರಿಗೆ ಮೈಸೂರಿಗೆ ಫೋನ್ ಮಾಡಿದೆ. ಫ್ರಿಜ್ಜು ಎಂದೊಡನೆ ಅತ್ತೆ, "ಅಯ್ಯೋ, ಫ್ರಿಜ್ಜೊಳಗಾ?" ಎಂದರು. ಆಗಾಗ ಬಾಗಿಲು ತೆರೆದು ಗಾಳಿಯಾಡಿಸುತ್ತೇನೆ, ತೂಕ ನೋಡುತ್ತಿರುತ್ತೇನೆ ಎಂದೆಲ್ಲ ಹೇಳಿದೆ.

"ಏಳೋದು ಯಾವಾಗ?"

"ಮಾರ್ಚಿಗೆ."

"ಹಾಗಾದ್ರೆ ನನಗೆ ಡಿಸೆಂಬರ್ ಟಿಕೆಟ್ ಬೇಡ. ಮಾರ್ಚಿಗೆ ತೆಗೀರಿ. ಅದು ಏಳುವಾಗ ನಾನಿರ್ಬೇಕು."

ಈಗ ಮಾರ್ಚಿನ ಟಿಕೆಟ್ಟು ಹುಡುಕುತ್ತಾ ಕೂತಿದ್ದೇನೆ. ಅತ್ತೆ ಬರುವುದು ತಡವಾಯಿತಲ್ಲ ಎಂದು ಬೇಸರಪಟ್ಟುಕೊಂಡ ಅಳಿಯನನ್ನು ನೀವು ಇದುವರೆಗೆ ಕಂಡಿರಲಿಕ್ಕಿಲ್ಲ. ಬಂದು ನೋಡಿ, ಇಲ್ಲೊಬ್ಬನಿದ್ದಾನೆ.