ಪೋಡಿಗೆಗೆ ನೂಲು ಕಟ್ಟುವ ನಳಿನಾಕ್ಷಿ

ಕಾಪುವಿನ ಕಡಲ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೀನಿನ ಬುಟ್ಟಿಯನ್ನು ತಿಲಕನ ಮನೆಯ ಜಗಲಿಯ ಮೂಲೆಗೆ ಸರಿಸಿ ನಳಿನಾಕ್ಷಿ ಇವತ್ತೂ ಆ ಮೀನುಗಾರನ ಎದುರು ಕೂತಿದ್ದಾರೆ. ಕೈಯಲ್ಲಿ ಕಪ್ಪು ನೂಲು. "ಹೆದರಿಕೆ ಎಲ್ಲಿ ಹಿಡಿಯಿತು, ಅಷ್ಟು ಹೇಳು ಸಾಕು," ಎನ್ನುತ್ತಾರೆ. ದೋಣಿ ಮಗುಚಿ ಜೊತೆಗಾರ ತೀರಿಕೊಂಡ ಮೇಲೆ ಈ ಗಟ್ಟಿಮುಟ್ಟಾದ ಗಂಡಸಿಗೆ ನಿದ್ದೆ ಇಲ್ಲ, ಮಾತೂ ಅಪರೂಪ.

ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ ಎನ್ನುತ್ತಾರೆ. ಅದು ಮೈಯಲ್ಲಿ ಹಿಡಿದ ಜಾಗವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಅಲ್ಲಿ ನೂಲು ಸುತ್ತಿ ಗಂಟು. ನಳಿನಾಕ್ಷಿ ಇದನ್ನು ಅತ್ತೆಯಿಂದ ಕಲಿತರು. ಗಂಡ ಹೋದ ಮೇಲೆ ಮನೆ ನಡೆದದ್ದು ಉಡುಪಿಯಲ್ಲಿ ಬಂಗುಡೆ, ಬೂತಾಯಿ ಮೀನು ಮಾರಿ. ನೂಲಿಗೆ ಅವರು ಏನೂ ತೆಗೆದುಕೊಳ್ಳುವುದಿಲ್ಲ; ಕಾರ್ಕಳದಿಂದಲೂ ಜನ ಬರುತ್ತಾರೆ.

ಮೀನುಗಾರರ ಭಯದ ಬಗ್ಗೆ ಸಂಶೋಧನೆ ಮಾಡುವ ಮಣಿಪಾಲದ ಮನಶ್ಶಾಸ್ತ್ರಜ್ಞೆ ಹರಿಪ್ರಿಯಾ ಈಗ ಇವರ ಜೊತೆಗಾರ್ತಿ. "ಖಿನ್ನತೆ ಉಂಟಾ ಅಂತ ಕೇಳಿದರೆ ಎದ್ದು ಹೋಗುತ್ತಿದ್ದರು. ಪೋಡಿಗೆ ಅಂದರೆ ಕೂತು ಮಾತಾಡುತ್ತಾರೆ. ಸಂಶೋಧನೆಯ ಪ್ರಶ್ನೆಗಳನ್ನು ನಳಿನಕ್ಕನೂ ನಾನೂ ಸೇರಿಯೇ ಮಾಡಿದ್ದು," ಎನ್ನುತ್ತಾರೆ ಅವರು.

ಅಷ್ಟರಲ್ಲಿ ತಿಲಕನ ತಾಯಿ ಚಹಾ ತಂದಿಡುತ್ತಾರೆ. "ನೂಲಿನ ಪಥ್ಯ ಅಲ್ವಾ ನಳಿನಕ್ಕ, ಆಸ್ಪತ್ರೆಯ ಮಾತ್ರೆ ನಿಲ್ಲಿಸಿದ್ದೇವೆ. ನಿನ್ನೆ ಸಂಜೆ ಸತ್ತ ಜೊತೆಗಾರ ಕರೀತಾನೆ ಅಂತ ಹೇಳಿ ಇವನು ಸೀದಾ ನೀರಿಗೆ ಇಳಿದ. ಎಳೆದುಕೊಂಡು ಬಂದೆವು."

ಅಯ್ಯೋ ದೇವರೇ! ನಳಿನಾಕ್ಷಿ ನೂಲನ್ನು ಮಡಿಲಿಗೆ ಸೇರಿಸಿ ಏಳುತ್ತಾರೆ. ನೂಲಿಗೆ ಕೂತ ದಿನದಿಂದ ಹೊರಗಿನ ಮದ್ದು ಮುಟ್ಟಬಾರದು ಎಂಬುದು ಅತ್ತೆಯ ಕಾಲದ ಪಥ್ಯ. ಮುರಿದರೆ ಗಂಟು ನಿಲ್ಲುವುದಿಲ್ಲ ಎಂಬ ಭಯ ಅವರಿಗೆ ಈಗಲೂ ಇದೆ. ಮುರಿಯದಿದ್ದರೆ ತಿಲಕ ಉಳಿಯುವುದಿಲ್ಲ. ಕೂಡಲೇ ಹರಿಪ್ರಿಯಾಗೆ ಫೋನ್ ಮಾಡುತ್ತಾರೆ.

"ಒಂಟಿಯಾಗಿ ಬಿಡಬೇಡಿ ಅಕ್ಕ, ಈಗಲೇ ಕರೆದುಕೊಂಡು ಬನ್ನಿ, ಡಾಕ್ಟರು ನೋಡಲಿ," ಎನ್ನುತ್ತಾರೆ ಹರಿಪ್ರಿಯಾ. "ಪಥ್ಯ ಎಂತ ಅಂತ ನಾನೂ ಕೇಳಲೇ ಇಲ್ಲ."

"ಪಥ್ಯ ನಾನು ಮುರಿದೆ. ಮಾತ್ರೆಯೂ ಬೇಕು, ನೂಲೂ ಬೇಕು," ಎಂದು ನಳಿನಾಕ್ಷಿ ಮನೆಯವರಿಗೆ ಕೇಳುವಂತೆ ಹೇಳುತ್ತಾರೆ. ರಿಕ್ಷಾದಲ್ಲಿ ತಿಲಕನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂರುತ್ತಾರೆ. ಹೆದ್ದಾರಿಗೆ ಬಂದ ಮೇಲೆ ಅವನ ಬಾಯಿಂದ ಮಾತು ಹೊರಡುತ್ತದೆ.

"ಕೈಯಲ್ಲಿ ಹಿಡಿಯಿತು ನಳಿನಕ್ಕ. ಅವನ ಕೈ ಜಾರಿತಲ್ಲ, ಅಲ್ಲಿ."

ನಳಿನಾಕ್ಷಿ ಅವನ ಮಣಿಕಟ್ಟಿಗೇ ನೂಲು ಸುತ್ತಿ ಗಂಟು ಹಾಕುತ್ತಾರೆ. ಈ ಗಂಟು ನಿಲ್ಲುತ್ತದೆಯೇ ಎಂದು ಕೇಳಿದರೆ ಅವರು ನೂಲಿನ ತುದಿಯನ್ನು ಇನ್ನೊಮ್ಮೆ ಬಿಗಿಯುತ್ತಾರೆ.

"ಗೊತ್ತಿಲ್ಲ ಮಾರಾಯ್ರೆ, ನನಗೇ ಹೆದರಿಕೆ ಉಂಟು. ನಳಿನಾಕ್ಷಿಯ ನೂಲು ಕೆಟ್ಟಿತು ಅಂತ ಊರೆಲ್ಲ ಹೇಳಲಿ. ಹೇಳ್ಲಿಕ್ಕೆ ಇವನೂ ಇರಲಿ."